ಮೂವತ್ತೊಂದು ಮೋಟಾರ್ ನಿಲ್ಲಿಸಿದ ಐಸ್‌ಕ್ರೀಮ್ ಅಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಗಲ್ಲಿಯ ಬೀದಿದೀಪಗಳು ಇನ್ನೂ ಆರಿಲ್ಲ. ಪಾಲಿಕೆಯ ಹಳದಿ ಕೋಟು ತೊಟ್ಟ ಹೆಂಗಸೊಬ್ಬರು ಹದಿನೇಳನೇ ನಂಬರಿನ ಮನೆಯ ಗೇಟಿನ ಪಕ್ಕ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಎದೆಯೆತ್ತರದ ಉಕ್ಕಿನ ಸರಳು. ಅದರ ಕೆಳತುದಿ ನೀರಿನ ಮೀಟರಿನ ಮೇಲಿದೆ, ಮೇಲ್ತುದಿಗೆ ಸಿಕ್ಕಿಸಿದ ಮರದ ಬಿಲ್ಲೆ ಅವರ ಬಲಗಿವಿಗೆ ಒತ್ತಿಕೊಂಡಿದೆ. ಕಣ್ಣು ಮುಚ್ಚಿ, ನೀರು ಬರುವ ಮುನ್ನಿನ ಸದ್ದುಗಳನ್ನು ಗುರುತಿಟ್ಟುಕೊಳ್ಳುತ್ತಿದ್ದಾರೆ. ಹಾಲಿನ ಪ್ಯಾಕೆಟ್ ಹಾಕಲು ಬಂದವನು ಅವರನ್ನು ಕಂಡದ್ದೇ ತಡ, ಗಾಡಿ ಆಫ್ ಮಾಡಿ ತಳ್ಳಿಕೊಂಡು ಮುಂದೆ ಹೋಗುತ್ತಾನೆ.

ನೆಲದಡಿಯ ಪೈಪಿನಲ್ಲಿ ನೀರು ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದಲೇ ಪತ್ತೆ ಮಾಡುವುದು ಇವರ ಕೆಲಸ. ಹಾಜರಿ ಪುಸ್ತಕದಲ್ಲಿ ಇವರ ಹುದ್ದೆಗೆ ‘ಸೋರಿಕೆ ಪತ್ತೆ ಸಹಾಯಕಿ’ ಎಂಬ ಉದ್ದನೆಯ ಹೆಸರಿದೆ. ಬೀದಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಮೇಲಧಿಕಾರಿಗಳಿಂದ ಹಿಡಿದು ಗುಂಡಿ ಅಗೆಯುವವರವರೆಗೆ ಎಲ್ಲರಿಗೂ ಇವರು ಐಸ್‌ಕ್ರೀಮ್ ಅಕ್ಕ. ಐಸ್‌ಕ್ರೀಮಿಗೂ ಪೈಪಿಗೂ ಏನು ನಂಟು ಎಂಬ ಕತೆ ಆಮೇಲೆ ಹೇಳುವಂಥದ್ದು, ಈಗ ಅದಕ್ಕೆ ಪುರುಸೊತ್ತಿಲ್ಲ.

ಯಾಕೆಂದರೆ ಇಂದು ಬುಧವಾರ. ನಾಳೆ ಬೆಳಿಗ್ಗೆ ಎಂಟಕ್ಕೆ ಈ ಗಲ್ಲಿಗೆ ಕಾಂಕ್ರೀಟ್ ಲಾರಿಗಳು ಬರುತ್ತವೆ. ಒಮ್ಮೆ ಕಾಂಕ್ರೀಟ್ ಬಿದ್ದರೆ ಐದು ವರ್ಷ ಆ ರಸ್ತೆಗೆ ಗುದ್ದಲಿ ಮುಟ್ಟಿಸುವಂತಿಲ್ಲ ಎಂದು ಪಾಲಿಕೆ ಹೊಸ ನಿಯಮ ಮಾಡಿಕೊಂಡಿದೆ. ನಿಯಮ ಒಳ್ಳೆಯದೇ. ಮೊದಲೆಲ್ಲ ರಸ್ತೆಯವರು ಟಾರು ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ನೀರಿನವರು ಬಂದು ಅಗೆಯುತ್ತಿದ್ದರು, ಅವರು ಮುಚ್ಚಿದ್ದನ್ನು ಫೋನಿನವರು ಬಂದು ತೆಗೆಯುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕತೆ. ಈಗ ಎಲ್ಲ ವಿಭಾಗದವರೂ ಒಂದೇ ಮೇಜಿನ ಸುತ್ತ ಕೂತು ಒಂದೇ ಕಾಗದಕ್ಕೆ ಸಹಿ ಹಾಕಿದ ಮೇಲೆಯೇ ರಸ್ತೆ. ಈ ಗಲ್ಲಿಯ ಕಾಗದದಲ್ಲಿ ಒಂದು ಸಹಿ ಮಾತ್ರ ಬಾಕಿ ಇದೆ, ಅದು ನೀರಿನ ವಿಭಾಗದ್ದು.

ಬಾಕಿ ಇರುವುದಕ್ಕೆ ಕಾರಣ ಇಲ್ಲಿನ ಮೂವತ್ತೊಂದು ಮನೆಗಳು. ಹೋದ ವರ್ಷ ಇಲ್ಲಿ ತುಕ್ಕು ಹಿಡಿದ ಕಬ್ಬಿಣದ ಪೈಪನ್ನು ಬಿಟ್ಟು ಹೊಸ ಪ್ಲಾಸ್ಟಿಕ್ ಪೈಪ್ ಹಾಕಿದರು. ಆದರೂ ಕೊನೆಯ ಹನ್ನೊಂದು ಮನೆಗಳಿಗೆ ನೀರು ನೂಲೆಳೆಯಷ್ಟೇ ಬಂತು. ಅವರು ಮೋಟಾರ್ ಹಚ್ಚಿ ಹೀರತೊಡಗಿದರು. ಅದನ್ನು ನೋಡಿ ನಡುವಿನವರು ಮೋಟಾರ್ ಹಾಕಿಸಿದರು, ನಡುವಿನವರನ್ನು ನೋಡಿ ಮೊದಲಿನವರೂ ಹಾಕಿಸಿದರು. ಈಗ ಬೆಳಿಗ್ಗೆ ಐದೂಕಾಲಿಗೆ ನೀರು ಬಿಟ್ಟ ಕೂಡಲೇ ಮೂವತ್ತೊಂದು ಮೋಟಾರುಗಳು ಒಟ್ಟಿಗೆ ಗುಯ್‌ಗುಡುತ್ತವೆ, ಕೊನೆಯವರಿಗೆ ಮತ್ತೆ ನೂಲೆಳೆಯೇ ಗತಿ.

ಕಿರಿಯ ಎಂಜಿನಿಯರ್ ಎರಡು ಸಲ ಯಂತ್ರ ತಂದು ಪರೀಕ್ಷಿಸಿದ್ದಾರೆ. ಸೋರಿಕೆ ಇಲ್ಲ ಎಂದು ಯಂತ್ರ ಎರಡು ಸಲವೂ ಹೇಳಿದೆ. ಅಕ್ಕ ಮಾತ್ರ ಇದೆ ಎನ್ನುತ್ತಾರೆ. ಕಳೆದ ಭಾನುವಾರ ನೀರು ಬರುವ ಹೊತ್ತಿಗೆ ಗಲ್ಲಿಯಲ್ಲಿ ಕರೆಂಟು ಹೋಗಿತ್ತು. ಮೋಟಾರುಗಳು ಗಪ್ಪಾದ ಆ ಅರೆ ನಿಮಿಷದಲ್ಲಿ ಅವರ ಸರಳಿಗೆ ಎಲ್ಲೋ ದೂರದ ‘ಸುಂಯ್’ ಎಂಬ ಸದ್ದು ತಾಕಿತು. ಎಲ್ಲಿಂದ ಎಂದು ಹುಡುಕುವಷ್ಟರಲ್ಲಿ ಕರೆಂಟು ಬಂತು. ಅಂದಿನಿಂದ ಅವರಿಗೆ ಅದೇ ಧ್ಯಾನ.

ಸಮಸ್ಯೆ ಇಷ್ಟೇ. ನೀರು ಬರದೆ ಸೋರಿಕೆ ಸದ್ದು ಮಾಡುವುದಿಲ್ಲ. ನೀರು ಬಂದರೆ ಮೋಟಾರುಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಐದು ನಿಮಿಷ ಕರೆಂಟು ತೆಗೆಯಿರಿ ಎಂದು ವಿದ್ಯುತ್ ಕಚೇರಿಗೆ ಹೋಗಿ ಕೇಳಿದರೆ, ಅರ್ಜಿ ಕೊಡಿ, ಏಳು ಕೆಲಸದ ದಿನಗಳಲ್ಲಿ ತಿಳಿಸುತ್ತೇವೆ ಎಂದರು. ತೆಗೆಯಬೇಡಿ ಎಂದಾಗ ದಿನಕ್ಕೆ ಎರಡು ಸಲ ತೆಗೆಯುವವರೂ ಅವರೇ ಎಂಬುದನ್ನು ಅಕ್ಕ ನಗುತ್ತಲೇ ಹೇಳುತ್ತಾರೆ.

ಹಾಗಾಗಿ ಮಂಗಳವಾರ ಸಂಜೆ ಅವರು ಮನೆಮನೆಗೆ ಹೋದರು. ನಾಳೆ ಐದೂ ಇಪ್ಪತ್ತಕ್ಕೆ ಸರಿಯಾಗಿ ಐದು ನಿಮಿಷ ಮೋಟಾರ್ ನಿಲ್ಲಿಸಿ ಎಂದು ಮೂವತ್ತೊಂದು ಬಾಗಿಲಲ್ಲಿ ಕೇಳಿಕೊಂಡರು. ನೀರು ಬರುವುದೇ ನಲವತ್ತು ನಿಮಿಷ. ಅದರಲ್ಲಿ ಐದು ನಿಮಿಷ ಬಿಟ್ಟುಕೊಡಿ ಎನ್ನುವುದು ಹಸಿದವರ ತಟ್ಟೆಗೆ ಕೈ ಹಾಕಿದಂತೆ ಎಂದು ಅವರಿಗೂ ಗೊತ್ತಿತ್ತು. ಕೆಲವರು ಆಗಲಿ ಎಂದರು, ಕೆಲವರು ನೋಡೋಣ ಎಂದರು. ಒಬ್ಬರು ಮಾತ್ರ ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. ಅವರು ಕೊನೆಯ ಮನೆಯ ಮಹಡಿಯಲ್ಲಿ ಲಾಂಡ್ರಿ ನಡೆಸುವ ಹೆಂಗಸು.

ಎಂಜಿನಿಯರ್ ಒಳ್ಳೆಯವರೇ, ಆದರೆ ಅವರಿಗೂ ಅವರದೇ ಕಷ್ಟ. “ಅಕ್ಕ, ಸಹಿ ಹಾಕೋದು ನಾನು. ನಿಮ್ಮ ಕಿವಿ ನಂಬಿ ಅಗೆಸಿ, ಏನೂ ಸಿಗದೆ ಇದ್ರೆ ಆ ಗುಂಡಿಗೆ ಉತ್ತರ ಕೊಡೋನೂ ನಾನೇ,” ಎಂದು ಅವರು ನಿನ್ನೆಯೇ ಹೇಳಿದ್ದಾರೆ. ಬುಧವಾರ ಬೆಳಗಿನವರೆಗೆ ಟೈಮು, ಆಮೇಲೆ ಸಹಿ ಎಂದು ಮಾತಾಗಿದೆ. ಸೋರಿಕೆ ಸಿಕ್ಕದೆ ಕಾಂಕ್ರೀಟ್ ಬಿದ್ದರೆ ಹನ್ನೊಂದು ಮನೆಗಳು ಐದು ವರ್ಷ ಹೀಗೇ ಇರಬೇಕು. ಅಕ್ಕನ ಕಿವಿ ತಪ್ಪಿದರೆ ಇನ್ನು ಅವರ ಮಾತಿಗೆ ಯಾರೂ ಗುದ್ದಲಿ ಎತ್ತುವುದಿಲ್ಲ.

ಹಾಗೆ ತಪ್ಪಿದ್ದು ಹಿಂದೆಯೂ ಉಂಟು, ಎಲ್ಲಕ್ಕಿಂತ ದೊಡ್ಡದು ಮೊದಲನೆಯದು. ಐಸ್‌ಕ್ರೀಮಿನ ಕತೆ ಅದೇ.

ಹನ್ನೊಂದು ವರ್ಷದ ಹಿಂದೆ ಅಕ್ಕ ಪಾಲಿಕೆಯ ಪಂಪ್‌ಹೌಸಿನಲ್ಲಿ ಕಸ ಗುಡಿಸುತ್ತಿದ್ದರು. ಒಂದು ಬೆಳಿಗ್ಗೆ ಪೊರಕೆ ನಿಲ್ಲಿಸಿ, ಮೂರನೇ ಪಂಪು ನಿನ್ನೆಯ ಹಾಗೆ ಕೂಗುತ್ತಿಲ್ಲ ಎಂದು ಆಪರೇಟರಿಗೆ ಹೇಳಿದರು. ಬಿಚ್ಚಿ ನೋಡಿದರೆ ಬೇರಿಂಗ್ ಸವೆದಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಪಂಪು ಸುಟ್ಟುಹೋಗಿ ಅರ್ಧ ನಗರಕ್ಕೆ ನೀರಿರುತ್ತಿರಲಿಲ್ಲ. ಈ ಕಿವಿ ಪೊರಕೆ ಹಿಡಿಯುವುದಕ್ಕಲ್ಲ ಎಂದು ಆಪರೇಟರೇ ಶಿಫಾರಸು ಮಾಡಿ, ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯ ಕೆಲಸಗಾರರ ಬಳಿ ಕಲಿಯಲು ಕಳಿಸಿದರು. ಈಗ ಅಕ್ಕನ ಕೈಯಲ್ಲಿರುವ ಸರಳು ಆ ಹಿರಿಯರದ್ದೇ. ಹಿಡಿ ಸವೆದ ಜಾಗಕ್ಕೆ ಅಕ್ಕ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದಾರೆ.

ಹಿರಿಯರು ನಿವೃತ್ತರಾದ ಮರುತಿಂಗಳು, ಪೇಟೆಯ ನಡುವಿನ ಐಸ್‌ಕ್ರೀಮ್ ಅಂಗಡಿಯ ಮುಂದೆ ಅಕ್ಕನಿಗೆ ಸದ್ದು ಕೇಳಿಸಿತು. ಇಲ್ಲೇ ಅಗೆಯಿರಿ ಎಂದರು. ಎರಡು ದಿನ ಅಗೆದರು, ಸೊಂಟದ ಮಟ್ಟಕ್ಕೆ ಗುಂಡಿಯಾಯಿತು, ಪೇಟೆಯ ಬಸ್ಸುಗಳೆಲ್ಲ ಸುತ್ತಿ ಬಳಸಿ ಹೋದವು. ಸಿಕ್ಕಿದ್ದು ಒಣಮಣ್ಣು. ಗುಡ್ಡ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ಇವರಿಗೆ ಅದೂ ಇಲ್ಲ. ಅಂಗಡಿಯ ದೊಡ್ಡ ಫ್ರೀಜರಿನ ಮೋಟಾರು ಗೋಡೆಗೆ ತಾಗಿ, ಗೋಡೆ ಪೈಪಿಗೆ ತಾಗಿ, ಪೈಪೇ ಹಾಡುತ್ತಿತ್ತು. ಅಂಗಡಿಯವನು ಧಾರಾಳಿ, ಅಗೆದ ಆರು ಜನಕ್ಕೂ ಒಂದೊಂದು ಕಪ್ ಐಸ್‌ಕ್ರೀಮ್ ಕೊಟ್ಟ. ಮಾರನೆಯ ದಿನದಿಂದ ಅಕ್ಕನ ಹೆಸರು ಬದಲಾಯಿತು.

“ಮೂರು ದಿನ ಊಟ ಸೇರಲಿಲ್ಲ. ಮತ್ತೆ ಪೊರಕೆ ಕೊಟ್ಟುಬಿಡಿ ಅಂತ ಕೇಳೋಣ ಅನ್ಕೊಂಡಿದ್ದೆ,” ಎನ್ನುತ್ತಾರೆ ಅವರು.

ಕೈ ಹಿಡಿದವರು ಅತ್ತೆ. ಅತ್ತೆ ಮೂವತ್ತು ವರ್ಷ ನೂಲಿನ ಮಿಲ್ಲಿನಲ್ಲಿ ದುಡಿದವರು. ಯಂತ್ರಗಳ ಗದ್ದಲಕ್ಕೆ ಅವರ ಎರಡೂ ಕಿವಿ ಹೋಗಿವೆ. ಬೆಳಿಗ್ಗೆಯೆಲ್ಲ ಸೂಜಿ ಬಿದ್ದ ಸದ್ದಿಗೆ ಕಿವಿಗೊಡುವ ಸೊಸೆ, ಸಂಜೆಯೆಲ್ಲ ಅತ್ತೆಯ ಮುಂದೆ ಗಂಟಲು ಹರಿಯುವಂತೆ ಕೂಗಬೇಕು. ನಗರಸಾರಿಗೆಯ ಬಸ್ ಓಡಿಸುವ ಗಂಡ, ಮನೆಗಿಂತ ಬಸ್ ನಿಲ್ದಾಣವೇ ಶಾಂತ ಎಂದು ಛೇಡಿಸುತ್ತಾರೆ. ಅಂದು ಸೊಸೆ ಕೂಗಿ ಕೂಗಿ ಐಸ್‌ಕ್ರೀಮಿನ ಸಂಗತಿ ಹೇಳಿದಾಗ, ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದೇ ಅಕ್ಕ ಅಂದುಕೊಂಡಿದ್ದರು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಎರಡು ಮರದ ಸೌಟು ತಂದರು. ಒಂದರ ತುದಿಯನ್ನು ಫ್ರಿಜ್ಜಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸೊಸೆಗೂ ಹಾಗೇ ಮಾಡಲು ಸನ್ನೆ ಮಾಡಿದರು.

“ಮಿಲ್ಲಲ್ಲಿ ನಮಗ್ಯಾರಿಗೂ ಕಿವಿ ಇರಲಿಲ್ಲ ಕಣೇ. ಯಾವ ಯಂತ್ರ ಕೆಡ್ತಾ ಇದೆ ಅಂತ ಹೀಗೇ ಕಂಡು ಹಿಡೀತಿದ್ವಿ. ಕಿವಿ ಸುಳ್ಳು ಹೇಳ್ಬಹುದು, ಹಲ್ಲು ಹೇಳಲ್ಲ,” ಎಂದರು ಅತ್ತೆ.

ಡ್ಯೂಟಿ ಮುಗಿಸಿ ಬಂದ ಗಂಡನಿಗೆ, ತಾಯಿಯೂ ಹೆಂಡತಿಯೂ ಬಾಯಿಗೆ ಸೌಟು ಕಚ್ಚಿಕೊಂಡು ಫ್ರಿಜ್ಜಿನ ಮುಂದೆ ಮಂಡಿಯೂರಿದ್ದು ಕಾಣಿಸಿತು. ಅವರು ಬಿಚ್ಚಿದ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಹೋದರಂತೆ.

ಮೋಟಾರಿನ ಅದುರು ಹಲ್ಲಿಗೆ ಬಡಿತಬಡಿತವಾಗಿ ಬರುತ್ತದೆ, ನೀರಿನ ಸೋರಿಕೆ ಒಂದೇ ಸಮನೆ ಜುಮ್ಮೆನ್ನುತ್ತದೆ. ಇಷ್ಟೇ ಗುಟ್ಟು. ಇದು ಕೈಗೆ ಹತ್ತಲು ಅಕ್ಕನಿಗೆ ಒಂದು ವರ್ಷ ಹಿಡಿಯಿತು. ಅಲ್ಲಿಂದೀಚೆಗೆ ಮೊದಲು ಕಿವಿ, ಆಮೇಲೆ ಹಲ್ಲು, ಆಮೇಲೆ ಸೀಮೆಸುಣ್ಣದ ಗುರುತು. ಮುಂದಿನ ಹಲ್ಲೊಂದರ ಚೂರು ಹಾರಿಹೋಗಿದೆ, ಅದರ ಬಗ್ಗೆ ಅವರಿಗೆ ಬೇಸರವೇನಿಲ್ಲ.

ದಿನಕ್ಕೆ ಏಳು ಕಿಲೋಮೀಟರ್ ನಡಿಗೆ. ನೂರಹತ್ತರಿಂದ ನೂರಿಪ್ಪತ್ತು ಮನೆಗಳ ನೀರಿನ ಮೀಟರು. ಕೆಲಸ ಐದಕ್ಕೆ ಶುರು, ವಾಹನಗಳು ಹೆಚ್ಚುವ ಎಂಟೂವರೆಗೆ ಮುಗಿಯಬೇಕು. ಒಂದೊಂದು ಮೀಟರಿಗೂ ರಿಜಿಸ್ಟರಿನಲ್ಲಿ ಒಂದೊಂದು ಸಾಲು, ಎಲ್ಲ ಸರಿಯಿದ್ದರೆ ‘ಸದ್ದಿಲ್ಲ’ ಎಂದು ಬರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಅವರು ಹಿಡಿದ ಸೋರಿಕೆಗಳು ಸಾವಿರದ ಒಂಬೈನೂರು ದಾಟಿವೆ. ಐಸ್‌ಕ್ರೀಮ್ ಅಂಗಡಿಯ ನಂತರ ತಪ್ಪಿದ್ದು ನಾಲ್ಕು ಸಲ. ಆ ನಾಲ್ಕನ್ನೂ ಅವರೇ ಬಾಯಿಬಿಟ್ಟು ಹೇಳುತ್ತಾರೆ, ಯಾವ ಬೀದಿ, ಯಾವ ಮನೆ ಎಂಬ ವಿವರ ಸಮೇತ.

ಅವರು ಸರಳು ಹಿಡಿದ ವರ್ಷ ಈ ನಗರ ಪೈಪಿಗೆ ಬಿಟ್ಟ ನೂರು ಲೀಟರ್ ನೀರಿನಲ್ಲಿ ನಲವತ್ತೊಂದು ಲೀಟರ್ ಮಣ್ಣುಪಾಲಾಗುತ್ತಿತ್ತು. ದೂರದ ಕೆರೆಯಿಂದ ಎಷ್ಟು ತಂದು ಸುರಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇವತ್ತು ಆ ನಷ್ಟ ಇಪ್ಪತ್ತನಾಲ್ಕಕ್ಕೆ ಇಳಿದಿದೆ. ದಿನ ಬಿಟ್ಟು ದಿನ ನೀರು ಕಾಣುತ್ತಿದ್ದ ಇಪ್ಪತ್ತೆಂಟು ವಾರ್ಡುಗಳಲ್ಲಿ ಇಪ್ಪತ್ತೆರಡಕ್ಕೆ ಈಗ ದಿನವೂ ಬರುತ್ತಿದೆ. ವಾರ್ಡಿಗೊಂದು ದೂರು ಕೌಂಟರ್ ಬಂದಿದೆ, ಬರೆಸಿದ ದೂರಿಗೆ ಎರಡು ದಿನದಲ್ಲಿ ಯಾರಾದರೊಬ್ಬರು ಬಾಗಿಲು ತಟ್ಟುತ್ತಾರೆ. ಪಾಲಿಕೆಯವರು ಇದನ್ನೆಲ್ಲ ಗೋಡೆಗೋಡೆಗೂ ದೊಡ್ಡಕ್ಷರದಲ್ಲಿ ಬರೆಸಿದ್ದಾರೆ. ಬರೆಸಲಿ, ಹೇಳಿಕೊಳ್ಳುವಂಥ ಕೆಲಸವೇ. ಆ ಗೋಡೆಗಳ ಬುಡದಲ್ಲಿ ಬೆಳಬೆಳಿಗ್ಗೆ ಸರಳು ಊರಿ ನಿಲ್ಲುವವರ ವಿಷಯ ಮಾತ್ರ ಅಲ್ಲಿ ಎಲ್ಲೂ ಇಲ್ಲ.

ಐದೂಕಾಲು. ಪೈಪಿನೊಳಗಿನ ಗಾಳಿ ಗೊರಗೊರ ಎಂದು, ಗಲ್ಲಿಗೆ ನೀರು ಬರುತ್ತದೆ. ಒಂದೊಂದಾಗಿ ಮೂವತ್ತೊಂದು ಮೋಟಾರುಗಳೂ ಎದ್ದು ಕೂಗುತ್ತವೆ. ಎಂಜಿನಿಯರ್ ಗಡಿಯಾರ ನೋಡುತ್ತಾ ಗಲ್ಲಿಯ ಬಾಯಲ್ಲಿ ನಿಂತಿದ್ದಾರೆ. ಅಗೆಯುವ ನಾಲ್ವರು ಗುದ್ದಲಿ ಕೆಳಗಿಟ್ಟು ಟೀ ಕುಡಿಯುತ್ತಿದ್ದಾರೆ. ಐದೂ ಇಪ್ಪತ್ತಕ್ಕೆ ಅಕ್ಕ ಗಲ್ಲಿಯ ನಡುವೆ ಬಂದು, ಸರಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಾರೆ.

ಮೊದಲ ಮನೆಯ ಮೋಟಾರ್ ನಿಲ್ಲುತ್ತದೆ. ಎದುರು ಮನೆಯದೂ ನಿಲ್ಲುತ್ತದೆ. ಅಕ್ಕ ಎತ್ತಿದ ಕೈ ಇಳಿಸದೆ ನಡೆಯುತ್ತಾ ಹೋದಂತೆ ಎಡಕ್ಕೆ ಒಂದು, ಬಲಕ್ಕೆ ಎರಡು ನಿಲ್ಲುತ್ತಾ ಬರುತ್ತವೆ. ನೋಡೋಣ ಎಂದವರೂ ನಿಲ್ಲಿಸುತ್ತಾರೆ. ಕಡೆಗೆ ಒಂದೇ ಒಂದು ಮೋಟಾರ್ ಉಳಿಯುತ್ತದೆ, ಕೊನೆಯ ಮನೆಯ ಮಹಡಿಯದು. ಐದು ನಿಮಿಷದಲ್ಲಿ ಒಂದೂವರೆ ಆಗಲೇ ಹೋಗಿದೆ.

ಅಕ್ಕ ಕೂಗುವುದಿಲ್ಲ. ಮೆಟ್ಟಿಲು ಹತ್ತಿ ಹೋಗುತ್ತಾರೆ. ಲಾಂಡ್ರಿಯಾಕೆ ಬಾಗಿಲಲ್ಲೇ ನಿಂತಿದ್ದಾರೆ. ಅವರ ಹಿಂದೆ ಆಸ್ಪತ್ರೆಯ ಹೊದಿಕೆಗಳ ರಾಶಿ, ಅರ್ಧ ತುಂಬಿದ ಎರಡು ಡ್ರಮ್ಮು. ಪೈಪ್ ಹಾಕಿದವರು ಬಂದು ಹೇಳಿ ಹೋದರು, ಯಂತ್ರ ತಂದವರು ಹೇಳಿ ಹೋದರು, ಈಗ ಕೋಲು ಹಿಡಿದವರ ಸರದಿಯೋ ಎಂದು ಆಕೆ ಕೇಳುತ್ತಾರೆ. ಆಶ್ವಾಸನೆಯಲ್ಲಿ ಬಟ್ಟೆ ಒಗೆಯಲು ಬರುವುದಿಲ್ಲ ಎಂದೂ ಸೇರಿಸುತ್ತಾರೆ.

“ಸಿಗುತ್ತೆ ಅಂತ ನಾನು ಮಾತು ಕೊಡಲ್ಲಮ್ಮ,” ಎನ್ನುತ್ತಾರೆ ಅಕ್ಕ. “ಹಿಂದೆ ತಪ್ಪಿದ್ದೀನಿ, ಅದಕ್ಕೇ ಐಸ್‌ಕ್ರೀಮ್ ಅಕ್ಕ ಅಂತಾರೆ. ಆದ್ರೆ ನಾಳೆ ಕಾಂಕ್ರೀಟ್ ಬಿದ್ಮೇಲೆ ನೀವು ಐದು ವರ್ಷ ಮೋಟಾರ್ ಆಫ್ ಮಾಡಿದ್ರೂ ನನ್ನಿಂದ ಏನೂ ಮಾಡೋಕಾಗಲ್ಲ.”

ಲಾಂಡ್ರಿಯಾಕೆ ಅರ್ಧ ತುಂಬಿದ ಡ್ರಮ್ಮುಗಳತ್ತ ಒಮ್ಮೆ ತಿರುಗುತ್ತಾರೆ. ಆಮೇಲೆ ಕೈ ಚಾಚಿ ಸ್ವಿಚ್ಚು ಒತ್ತುತ್ತಾರೆ.

ಗಲ್ಲಿ ನಿಶ್ಶಬ್ದವಾಗುತ್ತದೆ. ಯಾವುದೋ ಮನೆಯ ಮಗು ಕೆಮ್ಮಿದ್ದೂ ಕೇಳಿಸುತ್ತದೆ. ಅಕ್ಕ ಇಳಿದು ಬಂದವರೇ ಯಂತ್ರ ಆಗಲೇ ಕೇಳಿ ಮುಗಿಸಿದ ಮೀಟರುಗಳನ್ನೆಲ್ಲ ಬಿಟ್ಟು, ಅದು ಮುಟ್ಟದೆ ಉಳಿದ ಒಂದೇ ಜಾಗವಾದ, ಗಲ್ಲಿಯ ಬಾಯಲ್ಲಿರುವ ಹಳೆಯ ನಲ್ಲಿಕಟ್ಟೆಯ ಕಡೆಗೆ ಓಡುನಡಿಗೆಯಲ್ಲಿ ಹೋಗುತ್ತಾರೆ. ಮನೆಮನೆಗೆ ನೀರು ಬರುವ ಮೊದಲು ಎಲ್ಲರೂ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದ ಬೀದಿನಲ್ಲಿಯ ಕಟ್ಟೆ ಅದು. ನಲ್ಲಿ ಕಿತ್ತು ಇಪ್ಪತ್ತು ವರ್ಷವಾಗಿದೆ, ಈಗ ವಯಸ್ಸಾದವರು ಸಂಜೆ ಕೂರುವ ಜಾಗ. ಅಕ್ಕ ಕಟ್ಟೆಯ ಬುಡಕ್ಕೆ ಸರಳು ಊರಿ ಕಿವಿಗೊಡುತ್ತಾರೆ. ನಾಲ್ಕು ಹೆಜ್ಜೆ ಈಚೆ ಬಂದು ಮತ್ತೆ ಊರುತ್ತಾರೆ, ಇನ್ನೆರಡು ಹೆಜ್ಜೆ ಸರಿಯುತ್ತಾರೆ. ಬಿಲ್ಲೆಯನ್ನು ಕಿವಿಯಿಂದ ತೆಗೆದು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚುತ್ತಾರೆ. ಹತ್ತು ಎಣಿಸುವಷ್ಟು ಹೊತ್ತು ಅಲುಗದೆ ನಿಲ್ಲುತ್ತಾರೆ.

ಆಮೇಲೆ ಬಿಲ್ಲೆಯನ್ನು ಕೋಟಿನ ತೋಳಿಗೆ ಒರೆಸಿ, ಸರಳನ್ನು ಎಂಜಿನಿಯರರತ್ತ ಚಾಚುತ್ತಾರೆ. “ಕಚ್ಚಿ ನೋಡಿ ಸರ್. ಸಹಿ ಹಾಕೋರು ನೀವು.”

ಎಂಜಿನಿಯರ್ ಅತ್ತಿತ್ತ ನೋಡುತ್ತಾರೆ. ಅಗೆಯುವವರ ಮುಖದಲ್ಲಿ ನಗು. ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ ನಡುಬೀದಿಯಲ್ಲಿ ಬಗ್ಗಿ, ಕೋಲು ಕಚ್ಚುತ್ತಾರೆ. ಮೊದಲು ಏನೂ ತಿಳಿಯುವುದಿಲ್ಲ. ಅಕ್ಕ ಅವರ ಹೆಗಲಿಗೆ ಕೈ ಇಟ್ಟು, ಉಸಿರು ಹಿಡಿಯಲು ಹೇಳುತ್ತಾರೆ. ನಿಧಾನವಾಗಿ ಅವರ ಹುಬ್ಬು ಮೇಲೇರುತ್ತದೆ. ಸರಳು ಬಿಟ್ಟು, ಹಲ್ಲನ್ನೊಮ್ಮೆ ನಾಲಿಗೆಯಿಂದ ಸವರಿಕೊಂಡು, “ಅಗೀರಿ,” ಎನ್ನುತ್ತಾರೆ. ಅಷ್ಟರಲ್ಲಿ ಐದು ನಿಮಿಷ ಮುಗಿದು, ಮೋಟಾರುಗಳು ಮತ್ತೆ ಎದ್ದಿವೆ.

ಮಂಡಿಯ ಮಟ್ಟಕ್ಕೆ ಒಣಮಣ್ಣು. ಸೊಂಟದ ಮಟ್ಟಕ್ಕೂ ಒಣಮಣ್ಣು. ಸುತ್ತ ನೆರೆದವರಲ್ಲಿ ಯಾರೋ, ಐಸ್‌ಕ್ರೀಮ್ ತರಿಸೋಣವೇ ಎಂದು ಗೊಣಗುತ್ತಾರೆ. ಅಕ್ಕ ಕೇಳಿಸಿಯೂ ಕೇಳಿಸದವರಂತೆ ಗುಂಡಿಯ ಅಂಚಿನಲ್ಲಿ ಕೂತಿದ್ದಾರೆ. ಇನ್ನೂ ಒಂದಡಿ ಹೋದ ಮೇಲೆ ಗುದ್ದಲಿ ಕಬ್ಬಿಣಕ್ಕೆ ತಾಗಿ ಠಣ್ ಎನ್ನುತ್ತದೆ. ಬೀದಿನಲ್ಲಿಗೆಂದು ಯಾವ ಕಾಲದಲ್ಲೋ ಎಳೆದಿದ್ದ ಹಳೆಯ ಪೈಪು. ನಲ್ಲಿ ಕಿತ್ತವರು ಮೇಲಿನ ಬಾಯಿ ಮುಚ್ಚಿದ್ದರು, ಮುಖ್ಯರಸ್ತೆಯ ದೊಡ್ಡ ಪೈಪಿನಿಂದ ಬಿಡಿಸುವುದನ್ನು ಮರೆತಿದ್ದರು. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಗಲ್ಲಿಗೆ ಬರಬೇಕಾದ ನೀರಿನಲ್ಲಿ ಅರ್ಧ ಅಲ್ಲೇ ಹಾರಿ, ಪಕ್ಕದ ಹಳೆಯ ಇಟ್ಟಿಗೆ ಚರಂಡಿಗೆ ಇಳಿದು, ಯಾರ ಕಣ್ಣಿಗೂ ಬೀಳದೆ ಹರಿದು ಹೋಗುತ್ತಿದೆ. ಯಂತ್ರದ್ದೂ ತಪ್ಪಲ್ಲ. ಅದಕ್ಕೆ ಹೊಸ ಪೈಪನ್ನು ಕೇಳಲು ಹೇಳಿದ್ದರು, ಅದು ಹೊಸ ಪೈಪನ್ನೇ ಕೇಳಿತು.

ಅಕ್ಕ ಗುಂಡಿಗೆ ಬೆನ್ನು ಮಾಡಿ ಎದ್ದು ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಧೂಳು ಬಿತ್ತೇ ಎಂದು ಎಂಜಿನಿಯರ್ ಕೇಳುತ್ತಾರೆ. ಧೂಳಲ್ಲ, ಖುಷಿ ಎಂದು ಅವರು ನೇರವಾಗಿಯೇ ಹೇಳುತ್ತಾರೆ.

ಹಳೆಯ ಪೈಪನ್ನು ಕತ್ತರಿಸಿ ಬಿಡಿಸಿ, ಗುಂಡಿ ಮುಚ್ಚಬೇಕಿದ್ದರಿಂದ ಗುರುವಾರ ಕಾಂಕ್ರೀಟ್ ಲಾರಿಗಳು ಎಂಟಕ್ಕೆ ಬದಲು ಹನ್ನೊಂದಕ್ಕೆ ಬಂದವು. ಮೂರು ಗಂಟೆಯ ತಡಕ್ಕೆ ಯಾರೂ ಬೈಯಲಿಲ್ಲ. ಅಕ್ಕ ಆ ಗಲಾಟೆಯ ನಡುವೆಯೇ ಒಂದು ಬೇಡಿಕೆ ಇಟ್ಟರು. ಕಾಂಕ್ರೀಟಿನ ಮೇಲೆ ಸರಳು ಊರಿದರೆ ಪೈಪಿನ ಮಾತು ಕೇಳಿಸುವುದಿಲ್ಲ, ಆದ್ದರಿಂದ ಮೂವತ್ತು ಹೆಜ್ಜೆಗೊಂದು ಅಂಗೈ ಅಗಲದ ಕಿಂಡಿ ಬಿಟ್ಟು, ಮುಚ್ಚಳ ಹಾಕಿ ಎಂದರು. ಎಂಜಿನಿಯರ್ ಅಲ್ಲೇ ನಕ್ಷೆಯ ಮೇಲೆ ನಾಲ್ಕು ಸೊನ್ನೆ ಸುತ್ತಿದರು. ಇನ್ನು ಮುಂದೆ ನಗರದ ಎಲ್ಲ ಹೊಸ ರಸ್ತೆಗಳಿಗೂ ಕಿಂಡಿ ಇರಲಿ ಎಂಬ ಅವರ ಟಿಪ್ಪಣಿ ಈಗ ಮೇಲಿನವರ ಮೇಜಿನಲ್ಲಿದೆ. ಅಕ್ಕನ ಬಳಿ ಕಲಿಯಲು ಪಂಪ್‌ಹೌಸಿನಿಂದ ಇಬ್ಬರು ಹೆಂಗಸರನ್ನು ಕಳಿಸುವ ಮಾತೂ ನಡೆದಿದೆ. ಅವರು ಬಂದರೆ ಮೊದಲ ಪಾಠ ತಮ್ಮ ಮನೆಯಲ್ಲಿ, ಫ್ರಿಜ್ಜಿನ ಮುಂದೆ, ಅತ್ತೆಯ ಕೈಯಲ್ಲಿ ಎಂದು ಅಕ್ಕ ಈಗಲೇ ನಿಶ್ಚಯಿಸಿದ್ದಾರೆ.

ನಿಮ್ಮ ಅಡ್ಡಹೆಸರು ಬದಲಾಯಿಸಬೇಕಲ್ಲ ಎಂದರೆ ಬೇಡ ಎನ್ನುತ್ತಾರೆ. “ಅದು ಇರೋದ್ರಿಂದ್ಲೇ ಇನ್ನೊಂದ್ಸಲ ಕಚ್ಚಿ ನೋಡ್ತೀನಿ.”

ಮೂರು ವಾರದ ನಂತರ ಮತ್ತೊಂದು ಬುಧವಾರ, ಅದೇ ಐದೂಕಾಲು. ಬಿಳಿಬಿಳಿಯಾದ ಹೊಸ ರಸ್ತೆಯ ನಾಲ್ಕನೇ ಕಿಂಡಿಯ ಮುಚ್ಚಳ ತೆಗೆದು ಅಕ್ಕ ಸರಳು ಇಳಿಸುತ್ತಾರೆ. ನೀರು ಬರುತ್ತದೆ. ಮೋಟಾರಿನ ಸದ್ದಿಲ್ಲ, ಒಂದು ಮನೆಯದೂ ಇಲ್ಲ. ಮೊದಮೊದಲು ಸುಮ್ಮನೆ ಅಭ್ಯಾಸಕ್ಕೆ ಹಚ್ಚುತ್ತಿದ್ದವರು ಕೂಡ ಈಗ ಬಿಟ್ಟಿದ್ದಾರೆ. ಅಕ್ಕ ಕಿವಿಗೊಡುತ್ತಾರೆ, ಕಚ್ಚಿ ನೋಡುತ್ತಾರೆ, ರಿಜಿಸ್ಟರು ತೆಗೆದು ‘ಸದ್ದಿಲ್ಲ’ ಎಂದು ಬರೆಯುತ್ತಾರೆ.

ಮೇಲಿನಿಂದ ಧೋ ಎಂಬ ಸದ್ದು ಬರುತ್ತದೆ. ತಲೆಯೆತ್ತಿದರೆ ಕೊನೆಯ ಮನೆಯ ಮಹಡಿಯ ಮೇಲೆ ಲಾಂಡ್ರಿಯಾಕೆ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಖಾಲಿ ಡ್ರಮ್ಮಿಗೆ ನೀರು ಬಿಟ್ಟು, ಕಟಾಂಜನದ ಮೇಲೆ ಬಾಗಿ ನಿಂತಿದ್ದಾರೆ.

“ಅಕ್ಕಾ, ಕೇಳಿಸ್ತಾ ಇದೆಯಾ?”

ಅಕ್ಕ ಸರಳನ್ನು ಬಗಲಿಗೆ ಒರಗಿಸಿಕೊಂಡು, ಡ್ರಮ್ಮು ತುಂಬುವವರೆಗೂ ಅಲ್ಲೇ ನಿಲ್ಲುತ್ತಾರೆ.

“ಇದಕ್ಕೆ ಸರಳು ಬೇಡಮ್ಮ,” ಎನ್ನುತ್ತಾರೆ ಆಮೇಲೆ. “ಇದು ನಮ್ಮತ್ತೆಗೂ ಕೇಳಿಸುತ್ತೆ.”